ನೇಲಿದಾಳ ಮನೆಯಲ್ಲಿ ಆಡಬಾರದ ಮಾತು

ನಮ್ಮ ಬೀದಿಯ ನೇಲಿದಾಳ ಮನೆಗೆ ಹೋದವರು ಎರ್ಬಾ ಕುಡಿಯದೆ ಬರುವಂತಿಲ್ಲ. ಕುಡಿದು 'ಗ್ರಾಸಿಯಾಸ್' ಎನ್ನುವಂತೆಯೂ ಇಲ್ಲ. ಬೇರೆ ಹೊತ್ತಿನಲ್ಲಿ ಅದು ಧನ್ಯವಾದ ಹೇಳುವ ಉಪಚಾರದ ಮಾತು. ಆದರೆ ಸೋರೆಬುರುಡೆಯಲ್ಲಿ ಎರ್ಬಾ ಸೊಪ್ಪು ತುಂಬಿ, ಬಿಸಿನೀರು ಹುಯ್ದು, ಸುತ್ತ ಕೂತವರು ಒಬ್ಬರಾದ ಮೇಲೊಬ್ಬರು ಒಂದೇ ಕೊಳವೆಯಲ್ಲಿ ಹೀರುವಾಗ ಲೆಕ್ಕವೇ ಬೇರೆ. ಖಾಲಿ ಬುರುಡೆಯನ್ನು ಸುಮ್ಮನೆ ಹಿಂದಕ್ಕೆ ಕೊಟ್ಟರೆ ಇನ್ನೂ ಬೇಕು ಎಂದು. ಗ್ರಾಸಿಯಾಸ್ ಎಂದರೆ ಸಾಕು, ನನ್ನದು ಮುಗಿಯಿತು ಎಂದು. ನೇಲಿದಾಳ ಒಬ್ಬನೇ ಮಗ ಆದೆಮಾರ್ ಆ ಮನೆಯಲ್ಲಿ ಆಡಿದ ಕೊನೆಯ ಮಾತು ಅದು.

ಅವನು ನಾನು ಎತ್ತಿ ಆಡಿಸಿದ ಹುಡುಗ. ಗೋಡೆ ಹಾರಿ ನಮ್ಮ ಹಿತ್ತಲಿನ ಕಿತ್ತಳೆ ಕದಿಯುತ್ತಿದ್ದ. ಸಿಕ್ಕಿಬಿದ್ದರೆ ಒಂದನ್ನು ಸುಲಿದು ನನಗೇ ಕೊಡುತ್ತಿದ್ದ, ಭಂಡ. ದೇಶಭಕ್ತಿ ಉಕ್ಕಿ ಸೈನ್ಯಕ್ಕೆ ಸೇರಿದವನಲ್ಲ. ಉರುಗ್ವೆಯ ಈ ಬಡಗಣ ಮೂಲೆಯಲ್ಲಿ ಸೈನ್ಯ ಬಿಟ್ಟರೆ ದನ ಮೇಯಿಸುವ ಕೆಲಸವೊಂದೇ ಇರುವುದು, ಅವನಿಗೋ ಕುದುರೆ ಹತ್ತಲು ಭಯ. ಕಾಂಗೋ ದೇಶಕ್ಕೆ ವಿಶ್ವಸಂಸ್ಥೆಯ ನೀಲಿ ಹೆಲ್ಮೆಟ್ ಹಾಕಿಕೊಂಡು ಶಾಂತಿ ಕಾಯಲು ಯಾರು ಹೋಗುತ್ತೀರಿ ಎಂದು ಕೇಳಿದಾಗ ಕೈ ಎತ್ತಿಬಿಟ್ಟ. ಹಿಂದಿರುಗಿ ಬಂದು ಅಮ್ಮನಿಗೆ ಸೋರದ ಅಡುಗೆಮನೆ ಕಟ್ಟಿಸಿಕೊಡಬೇಕು ಎಂಬುದು ಅವನ ಆಸೆ.

ನೇಲಿದಾ ಒಪ್ಪಲಿಲ್ಲ. ಮಗನ ಜೊತೆ ಮಾತು ಬಿಟ್ಟಳು. ಹೊರಡುವ ದಿನ ಬೆಳಿಗ್ಗೆಯೂ ಮುಖ ಆ ಕಡೆ ತಿರುಗಿಸಿಕೊಂಡೇ ಬುರುಡೆ ಚಾಚಿದಳು. ಅವನು ಒಂದೇ ಸಲ ಹೀರಿ, "ಗ್ರಾಸಿಯಾಸ್, ಅಮ್ಮ" ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದ. ಆ ವರ್ಷದ ಮಳೆಗಾಲದಲ್ಲಿ, ಕಾಂಗೋದ ಕೆಸರುದಾರಿಯಲ್ಲಿ, ಅವರ ಲಾರಿ ಹಳ್ಳಕ್ಕೆ ಉರುಳಿತು. ಬಾವುಟ ಹೊದಿಸಿದ ಪೆಟ್ಟಿಗೆ ಬಂತು. ಅವನಿಗೆ ಇಪ್ಪತ್ತೆರಡು.

"ನಾಲ್ಕೈದು ಬುರುಡೆ ಕುಡೀದೆ ಮೇಲೇಳೋನೇ ಅಲ್ಲ ಕಣೆ ಇರ್ಮಾ," ಎಂದು ನೇಲಿದಾ ನನ್ನೊಬ್ಬಳ ಹತ್ತಿರ ಹೇಳಿಕೊಂಡಳು. "ಅವತ್ತು ಒಂದಕ್ಕೇ ಸಾಕು ಅಂದುಬಿಟ್ಟ. ನಾನೇ ಸಾಕಾಗಿ ಹೋಗಿರ್ಬೇಕು ಅವನಿಗೆ."

"ಹುಚ್ಚಿ, ಬಸ್ಸಿಗೆ ಹೊತ್ತಾಗಿತ್ತು," ಎಂದು ಬೈದೆ. ಬೈಗುಳ ಅವಳ ಕಿವಿಗೆ ಹೋಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಆ ಮಾತು ನಿಂತುಹೋಯಿತು. ಒಮ್ಮೆ ಪಾದ್ರಿಗಳು ಮರೆತು ಅಂದುಬಿಟ್ಟು, ಟೋಪಿ ತೆಗೆದುಕೊಳ್ಳಲೂ ಪುರುಸೊತ್ತಿಲ್ಲದೆ ಹೊರಗೆ ಬಿದ್ದಿದ್ದರು.

ಅದೇ ಲಾರಿಯಲ್ಲಿದ್ದು ಬದುಕಿ ಬಂದವನು ಎಬೆರ್. ಎಷ್ಟು ಸಲ ಹೇಳಿಕಳಿಸಿದರೂ ಬರಲಿಲ್ಲ. ನೇಲಿದಾಳನ್ನು ಸಂತೆಯಲ್ಲಿ ಕಂಡರೆ ಕುಂಟುಗಾಲಲ್ಲೇ ಬೇರೆ ಬೀದಿ ಹಿಡಿಯುತ್ತಿದ್ದ. ಅವನನ್ನು ಕಂಡರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಮೂರು ವರ್ಷವಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ತಾನಾಗಿಯೇ ಬಂದು ಗೇಟಿನ ಹತ್ತಿರ ನಿಂತ. ನಾನು ಅಲ್ಲೇ ತಡೆದೆ.

"ಆ ಮಾತು ನಿನ್ನ ಬಾಯಿಂದ ಬಂತೋ, ಇನ್ನೊಂದು ಕಾಲು ನಾನು ಮುರೀತೀನಿ."

"ಗೊತ್ತು, ದೋನ್ಯಾ ಇರ್ಮಾ," ಎಂದ ಮರ್ಯಾದೆಯಿಂದ.

ನೇಲಿದಾ ಅವನನ್ನು ಒಲೆಯ ಮುಂದೆ ಕೂರಿಸಿ, ಬುರುಡೆಗೆ ನೀರು ಹುಯ್ದು ಕೊಟ್ಟಳು. ಅವನು ಹೀರಿ ಸುಮ್ಮನೆ ಹಿಂದಕ್ಕೆ ಕೊಟ್ಟ. ಅವಳು ಮತ್ತೆ ಹುಯ್ದಳು.

"ನನ್ನ ವಿಷಯ ಏನಾದ್ರೂ ಅಂದಿದ್ನಾ ಅವನು?"

ಎಬೆರ್ ನನ್ನ ಕಡೆ ನೋಡಿದ. ಹೀರಿದ, ಕೊಟ್ಟ. ಅವಳು ಹುಯ್ದಳು. ಸಾಕು ಎನ್ನುವ ಹಾಗಿಲ್ಲ, ಉತ್ತರ ಬಾಯಿಗೆ ಬರುತ್ತಿಲ್ಲ. ಪಾಪದವನು ನೀರು ಕುಡಿಸಿದಷ್ಟೂ ಕುಡಿದ. ಕೊಳವೆ ಬುರುಡೆಯ ಬುಡ ಕೆರೆಯಿತು. ಇವನು ಈಗೇನಾದರೂ ಎದ್ದು ಹೋದರೆ ನೇಲಿದಾ ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು.

"ನನ್ನ ಮೇಲೆ ಸಿಟ್ಟಿತ್ತಾ? ಅಷ್ಟು ಹೇಳು ಸಾಕು. ಇತ್ತು ಅಂದ್ರೂ ಕೇಳ್ಕೋತೀನಿ."

"ಸಿಟ್ಟಲ್ಲ, ದೋನ್ಯಾ," ಎಂದ ಎಬೆರ್, ತಲೆ ತಗ್ಗಿಸಿ. "ನಗಾಡ್ತಿದ್ದ. ನಾವೆಲ್ಲ ನಗಾಡ್ತಿದ್ವಿ. ಯಾವ ಮುಖ ಇಟ್ಕೊಂಡು ಬಂದು ಹೇಳ್ಲಿ?"

"ಏನಂತ?"

"ಅವನು ಹೊರಟ ದಿನ ನೀವು ನೀರು ಕುದಿಸಿಬಿಟ್ರಂತೆ. ಎರ್ಬಾ ಸುಟ್ಟು ಕಹಿಯಾಗಿ, ನಾಲಿಗೆ ಬೊಬ್ಬೆ ಎದ್ದು, ಎರಡನೇದು ಹೆಂಗಪ್ಪಾ ಕುಡಿಯೋದು ಅಂತ ಗ್ರಾಸಿಯಾಸ್ ಅಂದು ಓಡಿಬಂದ್ನಂತೆ."

ಆ ಮಾತು ಆ ಮನೆಯಲ್ಲಿ ಬಿತ್ತು. ನಾನು ಎದ್ದು ನಿಂತೆ. ನೇಲಿದಾ ಕದಲಲಿಲ್ಲ.

"ಸುಳ್ಳು," ಎಂದಳು. "ನಾನು ಹುಟ್ಟಿದಾಗಿನಿಂದ ನೀರು ಕುದಿಯೋಕೆ ಬಿಟ್ಟೋಳಲ್ಲ."

ಅದು ನಿಜ. ನೀರು ಗುಂಯ್ಗುಟ್ಟುವಾಗಲೇ ಇಳಿಸಬೇಕು, ಕುದಿಸಿದವಳು ಹೆಂಗಸೇ ಅಲ್ಲ ಎನ್ನುವವಳು ಅವಳು. ಈ ವಿಷಯಕ್ಕೆ ನನ್ನನ್ನೇ ಎಷ್ಟು ಸಲ ಆಡಿಕೊಂಡಿದ್ದಾಳೆ.

"ಅವತ್ತು ನೀನು ಬಾಗಿಲ ಕಡೆ ನೋಡ್ತಾ ಕೂತಿದ್ದೆ ನೇಲಿದಾ," ಎಂದೆ. "ಕೆಟಲ್ ಮುಚ್ಚಳ ಕುಣಿಯೋದು ನಮ್ಮ ಹಿತ್ತಲಿಗೆ ಕೇಳಿಸ್ತಿತ್ತು."

ಅವಳ ಕೈ ಬಾಯಿಗೆ ಹೋಯಿತು. "ಇನ್ನೂ ಇದೆಯಾ? ಪೂರ್ತಿ ಹೇಳು."

"ಅಲ್ಲಿ ಯಾರು ನೀರು ಕುದಿಸಿದ್ರೂ ಅವನು 'ನೇಲಿದಾ' ಅಂತ ಕೂಗೋನು. ಆಮೇಲೆ ಎಲ್ರಿಗೂ ಅದೇ ರೂಢಿಯಾಯ್ತು. ಸುಟ್ಟ ಎರ್ಬಾಕ್ಕೆ ಹೆಸರೇ ನೇಲಿದಾ." ಎಬೆರ್ ತನ್ನ ಕುಂಟುಗಾಲನ್ನು ಸವರಿಕೊಂಡ. "ಅವತ್ತೂ ಲಾರೀಲಿ ಬುರುಡೆ ಸುತ್ತುತಾ ಇತ್ತು. ನೀರು ವಿಪರೀತ ಬಿಸಿ. ಅವನು ಒಂದು ಗುಟುಕು ಹೀರಿ, ಜೋರಾಗಿ ನಿಮ್ಮ ಹೆಸರು ಕೂಗಿದ. ನಗ್ತಾ ಇದ್ವಿ. ಅಷ್ಟರಲ್ಲಿ ಗಾಲಿ ಜಾರಿತು."

ಒಲೆಯ ಮೇಲೆ ಕೆಟಲ್ ಗುಂಯ್ಗುಟ್ಟತೊಡಗಿತು. ಇಳಿಸಲು ನಾನು ಕೈ ಚಾಚಿದರೆ ನೇಲಿದಾ ನನ್ನ ಮಣಿಕಟ್ಟು ಹಿಡಿದಳು. ಮುಚ್ಚಳ ಕುಣಿಯಿತು, ಆವಿ ಎದ್ದಿತು. ಆಮೇಲೆ ಆ ಕುದಿನೀರನ್ನೇ ಬುರುಡೆಗೆ ಹುಯ್ದು ಎಬೆರ್ ಕೈಗಿತ್ತಳು.

"ಕುಡಿ. ಅವನು ಹೆಂಗೆ ಕೂಗ್ತಿದ್ನೋ ಹಂಗೇ ಕೂಗು."

ಅವನು ಹೀರಿದ. ನಾಲಿಗೆ ಸುಟ್ಟು ಕಣ್ಣು ತುಂಬಿತು. ಬೀದಿಗೆಲ್ಲ ಕೇಳುವ ಹಾಗೆ "ನೇಲಿದಾ" ಎಂದು ಕೂಗಿದ.

"ಬಂದೆ ಕಣೋ," ಎಂದಳು ನೇಲಿದಾ.