ಬಾಟಲಿಯಲ್ಲಿದ್ದ ಏಳು ಜೋಳದ ಸಸಿ

ಕಳೆದ ವಾರ ದವಾಖಾನೆಯಲ್ಲಿ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಾಗ ಪಕ್ಕದ ಮನೆಯ ಸೊಸೆ ನೆನಪಾದಳು. ಹಾಸಿಗೆ ಹಿಡಿದ ಅತ್ತೆಯ ಬೆನ್ನಿನ ಹುಣ್ಣು ಒರೆಸಿ ಒರೆಸಿ ಅವಳ ಕೈಗಳಿಗೂ ಇದೇ ವಾಸನೆ. "ಲ್ಯಾಬಿನಾಗೂ ಇದ ವಾಸನಿ ರೀ ಅಕ್ಕಾರ," ಅನ್ನುತ್ತಿದ್ದಳು...

ಆಗ ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಎಸ್‌ಟಿಡಿ ಬೂತ್ ನಡೆಸುತ್ತಿದ್ದೆ. ಅವಳು ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗಂಡ ಇಟ್ಟಿಗಿ ಊರಿನ ಶಾಲೆಯಲ್ಲಿ ಮೇಷ್ಟ್ರು; ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅತ್ತೆಗೆ ಲಕ್ವಾ ಹೊಡೆದಾಗ ಎಂಟು ದಿನಕ್ಕೆಂದು ಬಂದಳು.

ದಿನಾ ಸಂಜೆ ಧಾರವಾಡದ ಲ್ಯಾಬಿನಲ್ಲಿದ್ದ ಜೂನಿಯರ್ ಹುಡುಗಿಗೆ ಫೋನು. "ಬೇರು ಬಂದಾವೇನು? ಬಾಟಲಿ ಬದಲು ಮಾಡಿದ್ಯಾ?" ಯಾರ ಯೋಗಕ್ಷೇಮ ಇದು ಎಂದು ಕೇಳಿದೆ. ನಕ್ಕಳು.

"ಜೋಳದ ಸಸಿ ರೀ. ಒಂದು ಬ್ಯಾಕ್ಟೀರಿಯಾ ಐತಿ, ಗಿಡಕ್ಕ ಅಂಟಿ ತನ್ನ ಜೀನ್ ಒಳಗ ತೂರಿಸ್ತೈತಿ. ನಾವು ಆ ಜೀನ್ ತೆಗೆದು, ಕಾಂಡ ಕೊರಿಯೋ ಹುಳ ತಡಿಯೋ ಜೀನ್ ಇಟ್ಟು ಕಳಸ್ತೀವಿ. ಜೋಳಕ್ಕ ಆ ಬ್ಯಾಕ್ಟೀರಿಯಾ ಸರಳ ಹತ್ತಂಗಿಲ್ಲ. ಮೂರು ವರ್ಷ ಬಡಿದಾಡಿದ್ದಕ್ಕ ಏಳು ಸಸಿ ಅದಾವ."

ಎಂಟು ದಿನ ಹೋಗಿ ಎರಡು ತಿಂಗಳಾಯಿತು. ಅತ್ತೆ ಅವಳ ಕೈಯಿಂದ ಮಾತ್ರ ಗಂಜಿ ಕುಡಿಯುತ್ತಿದ್ದರು. ಒಮ್ಮೆ ಬ್ಯಾಗು ಹಿಡಿದು ಹೊರಟೇಬಿಟ್ಟಳು. ಅತ್ತೆ ಆಡುತ್ತಿದ್ದ ಒಂದೇ ಕೈಯಿಂದ ಸೆರಗು ಹಿಡಿದು ಅತ್ತರು. ಬೈದಿದ್ದರೆ ಬಿಡಿಸಿಕೊಂಡು ಹೋಗುತ್ತಿದ್ದಳೇನೋ... ಬ್ಯಾಗು ಮತ್ತೆ ಒಳಗೆ ಹೋಯಿತು.

ಆಮೇಲೊಂದು ಸಂಜೆ ಫೋನು ಮಾಡಿದಾಗ ಆ ಕಡೆಯಿಂದ ಸುದ್ದಿ ಬಂತು. ಬಾಟಲಿಗಳಿಗೆ ಬೂಸ್ಟು ಹಿಡಿದಿತ್ತಂತೆ.

"ಏಳೂ ಹೋದ್ವಾ?" ಎಂದು ಫೋನಿನಲ್ಲೇ ಕೇಳಿದಳು.

ಆಮೇಲೆ ಆ ಹುಡುಗಿಗೆ ಪಾಠ ಹೇಳುವವಳಂತೆ ಹೇಳಿದಳು: "ಹಂಗ ಚೆಲ್ಲಬ್ಯಾಡ. ದೊಡ್ಡ ಕುಕ್ಕರಿನಾಗ ಬೇಯಿಸಿ, ಪೂರಾ ಸತ್ತ ಮ್ಯಾಲೆ ಹಾಕು. ಜೀನ್ ಬದಲಾದ ಸಸಿ, ಅವು ಜೀವಂತ ಹೊರಗ ಹೋಗಂಗಿಲ್ಲ."

ಗೋಡೆಯಾಚೆಯಿಂದ ಅತ್ತೆ ಕೂಗಿದರು. ಕಣ್ಣೊರೆಸಿಕೊಂಡು ಹೋದಳು. ಮತ್ತೆಂದೂ ಫೋನಿಗೆ ಬರಲಿಲ್ಲ.

ಅತ್ತೆ ಇನ್ನೂ ಒಂಬತ್ತು ವರ್ಷ ಬದುಕಿದರು. ಅವರು ತೀರಿಕೊಂಡ ಮೇಲೆ, "ಇನ್ನ ಹೋಗಬಹುದಲ್ಲವಾ?" ಅಂದೆ.

"ಎಲ್ಲಿಗ್ರಿ ಅಕ್ಕಾರ? ಜೋಳಕ್ಕ ಆ ಬ್ಯಾಕ್ಟೀರಿಯಾ ಹತ್ತತೈತಿ ಅಂತ ಬ್ಯಾರೆಯವರು ಮಾಡಿ ತೋರಿಸ್ಯಾರ. ಓದಿದೆ."

ದವಾಖಾನೆಯಿಂದ ಬಂದು ಅವಳ ಮನೆಯ ಕಡೆ ನೋಡಿದೆ. ಅವಳು ತೀರಿಕೊಂಡು ಮೂರು ವರ್ಷ. ನಮ್ಮ ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಿಮ್ಮ ಅತ್ತೆಗೆ ಎಂಟು ದಿನ ನಾ ಗಂಜಿ ಕುಡಸ್ತೀನಿ, ನೀ ಹೋಗಿ ಬಾ, ಅನ್ನಬಹುದಿತ್ತು ನಾನು. ಬೂತು ಮುಚ್ಚಬೇಕಾದೀತೆಂದು ಅನ್ನಲಿಲ್ಲ.