ನೆಲ ಅಲಗಿದಂಗ ಅಂದದ್ದಕ್ಕೆ

ನಾನಾಡಿದ ಒಂದು ಪದದ ಬಾಲ ಕತ್ತರಿಸಿ ಹೋದದ್ದಕ್ಕೆ ಹದಿನಾರು ವರ್ಷ ಬೇರೆ ಯಾರದೋ ರೋಗವನ್ನು ಹೊತ್ತು ತಿರುಗಿದೆ. ಕತ್ತರಿಸಿದವರು ನನ್ನ ಅತ್ತೆ. ಕತ್ತರಿಸಿದ ಜಾಗ ಉದಗೀರದ ಒಬ್ಬ ಮನೋವೈದ್ಯರ ಕೋಣೆ. ಆಗ ನನಗೆ ಇಪ್ಪತ್ತನಾಲ್ಕು. ಮದುವೆಯಾಗಿ ನಿಲಂಗಾಕ್ಕೆ ಬಂದು ಎರಡು ವರ್ಷವಾಗಿತ್ತು, ಕೋರ್ಟಿನ ಎದುರಿನ ಅಂಗಡಿಯೊಂದರಲ್ಲಿ ಮರಾಠಿ ಅಫಿಡವಿಟ್ ಟೈಪ್ ಮಾಡುತ್ತಿದ್ದೆ. ದಿನವಿಡೀ ತಪ್ಪಿಲ್ಲದೆ ಟೈಪ್ ಮಾಡಿದವಳು ಸಂಜೆ ಬಸ್ ಸ್ಟ್ಯಾಂಡ್ ದಾಟುವಾಗ ಗೋಡೆ ಹಿಡಿದು ನಿಂತುಬಿಡುತ್ತಿದ್ದೆ. ಎದೆ ಬಡಿದುಕೊಳ್ಳುತ್ತಿತ್ತು, ಬೆರಳು ಮರಗಟ್ಟುತ್ತಿದ್ದವು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಎರಡು ಸಲ ಗುರುತಿನವರು ಮನೆಗೆ ತಂದು ಬಿಟ್ಟ ಮೇಲೆ ಅತ್ತೆ ನನ್ನನ್ನು ಉದಗೀರಕ್ಕೆ ಕರೆದೊಯ್ದರು.

ಡಾಕ್ಟರು ಮರಾಠಿಯಲ್ಲಿ, "ಭೀತಿ ವಾಟತೆ ಕಾ?" ಎಂದರು. ಹೆದರಿಕೆ ಆಗುತ್ತದೆಯೇ ಎಂದು. ನಾನು ಯೋಚನೆ ಮಾಡಿ, ಇಲ್ಲ ಎಂದು ತಲೆಯಾಡಿಸಿದೆ. ಸುಳ್ಳು ಹೇಳಲಿಲ್ಲ. ಹೆದರಿಕೆ ಅಂದರೆ ನಾಯಿಗೆ ಹೆದರುವುದು, ಕಳ್ಳನಿಗೆ ಹೆದರುವುದು. ನಾನು ಯಾರಿಗೂ ಹೆದರುತ್ತಿರಲಿಲ್ಲ. ಹಾಗಾದರೆ ಏನಾಗುತ್ತದೆ ಎಂದು ಕೇಳಿದರು. ದಣಿದಾಗ ನನಗೆ ಮೊದಲು ಮರಾಠಿ ಕೈಕೊಡುತ್ತದೆ, ಆಮೇಲೆ ಕನ್ನಡ. ಆವತ್ತು ಕನ್ನಡ ಇನ್ನೂ ಉಳಿದಿತ್ತು. ಅತ್ತೆಯ ಕಡೆ ತಿರುಗಿ, "ಕಾಲ ಬುಡಕ ನೆಲ ಅಲಗಿದಂಗ ಆಗ್ತದ" ಅಂದೆ.

ಅತ್ತೆ ಅದನ್ನು ಡಾಕ್ಟರಿಗೆ ಮರಾಠಿಯಲ್ಲಿ ದಾಟಿಸಿದರು: "ಜಮೀನ್ ಹಲತೆ ಮ್ಹಣತೆ." ನೆಲ ಅಲುಗುತ್ತದೆ ಅನ್ನುತ್ತಾಳೆ. ನನ್ನ "ಅಂಗ" ಎಲ್ಲಿಗೆ ಹೋಯಿತು? ಅಲುಗಿದ ಹಾಗೆ ಅಂದವಳನ್ನು ಅಲುಗುತ್ತದೆ ಅಂದವಳನ್ನಾಗಿ ಮಾಡಿದರು. ಡಾಕ್ಟರು ತಕ್ಷಣ ತವರು ಯಾವುದು ಎಂದು ಕೇಳಿದರು. ಉಮರ್ಗಾ ತಾಲೂಕು, ಯೆಣೆಗೂರು ಎಂದು ಅತ್ತೆ ಹೇಳಿದರು. ಅಷ್ಟು ಸಾಕಾಯಿತು. ನಮ್ಮ ಕಡೆ ಉಮರ್ಗಾ ಅಂದ ಕೂಡಲೇ ಎಲ್ಲರಿಗೂ ತೊಂಬತ್ತಮೂರರ ಭೂಕಂಪ ನೆನಪಾಗುತ್ತದೆ. ಅದಾದ ಮೇಲೆ ಅವರು ನನ್ನ ಮುಖ ನೋಡಲೇ ಇಲ್ಲ. ಕಾಗದದ ಮೇಲೆ ಭೂಕಂಪದ ಭಯ ಅಂತ ಬರೆದು, ಅದರ ಕೆಳಗೆ ಗುಳಿಗೆಯ ಹೆಸರು ಬರೆದರು. ಅಫಿಡವಿಟ್ಟಿನಲ್ಲಿ ನಾನು ಹೀಗೆ ಒಂದಕ್ಷರ ನುಂಗಿದ್ದರೆ ವಕೀಲರು ಆ ಕಾಗದವನ್ನು ನನ್ನ ಮುಖಕ್ಕೇ ಎಸೆಯುತ್ತಿದ್ದರು.

ಭೂಕಂಪದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗ ನನಗೆ ಒಂಬತ್ತು ವರ್ಷ. ಅದಕ್ಕೂ ಮೊದಲೇ ಹಿಟ್ಟಿನ ಗಿರಣಿ ಶುರುವಾದರೆ ಎರಡೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ. ಗಂಜಿ ಹಾಕಿದ ಹೊಸ ಅಂಗಿ ತೊಡಿಸಿದರೆ ಮೈ ಕೆರೆದುಕೊಂಡು ಅಳುತ್ತಿದ್ದೆ. ಹೋಳಿಗೆಗೆ ಪಲ್ಯ ತಾಗಿದರೆ ತಾಟು ಬಿಟ್ಟು ಏಳುತ್ತಿದ್ದೆ. ಬೀಗರು, ನೆಂಟರು ಬಂದರೆ ಜೋಳದ ಚೀಲಗಳ ಹಿಂದೆ ಹೋಗಿ ಕೂರುತ್ತಿದ್ದೆ. "ನಮ್ಮ ಹುಡುಗಿ ಸ್ವಲ್ಪ ಬ್ಯಾರೇನೇ ಅದ" ಎಂದು ಅವ್ವ ಎಲ್ಲರಿಗೂ ಸಮಜಾಯಿಷಿ ಕೊಡುತ್ತಿದ್ದಳು. ಆಮೇಲೆ ಭೂಕಂಪವಾಯಿತು. ನಮ್ಮ ಮನೆಯ ಗೋಡೆ ಸೀಳಿತು, ಜೀವಗಳು ಉಳಿದವು. ತಿಂಗಳುಗಟ್ಟಲೆ ತಗಡಿನ ಶೆಡ್ಡಿನಲ್ಲಿ ಇದ್ದೆವು. ಹೆದ್ದಾರಿಯಲ್ಲಿ ಲಾರಿ ಹೋದರೆ ದೊಡ್ಡವರೆಲ್ಲ ಬೆಚ್ಚಿ ಹೊರಗೆ ಓಡುತ್ತಿದ್ದರು. ಎಲ್ಲರಿಗೂ ಬಾಗಿಲ ಹತ್ತಿರವೇ ಕೂರಬೇಕು, ಗದ್ದಲ ಯಾರಿಗೂ ಬೇಡ.

ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ. ನೆಂಟರಲ್ಲಿ ಮನೆಮಂದಿಯನ್ನೇ ಕಳೆದುಕೊಂಡವರಿದ್ದಾರೆ, ಅವರ ಕ್ಷಮೆ ಕೇಳಿಯೇ ಹೇಳುತ್ತೇನೆ. ನನ್ನ ಬಾಲ್ಯದಲ್ಲಿ ಹಗುರಾಗಿದ್ದದ್ದು ಆ ತಿಂಗಳುಗಳೇ. ಊರಿಗೆ ಊರೇ ನನ್ನ ಹಾಗೆ ಆಗಿತ್ತು. ಕಿವಿ ಮುಚ್ಚಿಕೊಂಡರೆ ಯಾರೂ ನಗುತ್ತಿರಲಿಲ್ಲ. ಹೊಸ ಮನೆಗಳು ಬಂದವು, ಊರು ನಿಧಾನಕ್ಕೆ ಮೊದಲಿನಂತಾಯಿತು, ನಾನೂ ಮೊದಲಿನಂತೆಯೇ ಇದ್ದೆ. ಆಗ ಎಲ್ಲರೂ ಸೇರಿ, ಈಕೆಗೆ ಭೂಕಂಪದ ಅಂಜಿಕೆ ಹೊಕ್ಕಿದೆ ಅಂದರು. ಒಂಬತ್ತು ವರ್ಷ ನನ್ನನ್ನು ಕಣ್ಣಾರೆ ಕಂಡವರೇ ಹಾಗೆ ಅಂದರು.

ಡಾಕ್ಟರು ಕೊಟ್ಟ ಗುಳಿಗೆ ಖಿನ್ನತೆಗೂ ಆತಂಕಕ್ಕೂ ಕೊಡುವಂಥದ್ದು. ಅದನ್ನು ಮೊದಲ ದಿನದಿಂದಲೇ ಪೂರ್ತಿ ನುಂಗಿದೆ. ನಾಲ್ಕನೇ ದಿನಕ್ಕೆ ಕೂತಲ್ಲಿ ಕೂರಲಾಗಲಿಲ್ಲ. ದವಡೆ ಬಿಗಿದುಕೊಂಡಿತು, ನಿದ್ದೆ ಹಾರಿಹೋಯಿತು, ಮೈಯೊಳಗೆ ಇರುವೆ ಬಿಟ್ಟ ಹಾಗಿತ್ತು. ಯಾವ ಹೊತ್ತಿಗೆ ಏನಾಯಿತು ಎಂದು ಚೀಟಿಯಲ್ಲಿ ಬರೆದುಕೊಂಡು ಹೋದೆ. ಡಾಕ್ಟರು ಚೀಟಿಯನ್ನು ಓದದೆ ಮಡಿಚಿಟ್ಟು ಅತ್ತೆಯನ್ನು ಕೇಳಿದರು. ಅತ್ತೆ, "ಆತಾ ಬರೀ ಆಹೆ, ಸಗಳ್ಯಾಂಶೀ ಬೋಲತೆ" ಅಂದರು. ಈಗ ವಾಸಿಯಾಗಿದ್ದಾಳೆ, ಎಲ್ಲರ ಜೊತೆ ಮಾತಾಡುತ್ತಾಳೆ ಎಂದು. ಮಾತಾಡುತ್ತಿದ್ದೆ, ನಿಜ. ನಿಲ್ಲಿಸಲು ಆಗುತ್ತಿರಲಿಲ್ಲ. ನನ್ನ ಒಳಗಿನ ಸಂಕಟ ಅವರಿಗೆ ಸೊಸೆ ಸುಧಾರಿಸಿದ ಹಾಗೆ ಕಂಡಿತು. ಎರಡು ತಿಂಗಳಿಗೆ ರೋಸಿಹೋಗಿ, ಯಾರಿಗೂ ಹೇಳದೆ ಒಂದೇ ದಿನ ಎಲ್ಲವನ್ನೂ ಬಿಟ್ಟೆ. ಹಾಗೆ ಬಿಡಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ತಲೆಯೊಳಗೆ ಕರೆಂಟು ಹೊಡೆದಂತಾಗಿ ವಾರವೆಲ್ಲ ಹಾಸಿಗೆ ಹಿಡಿದೆ. ಭೂಕಂಪ ಮತ್ತೆ ತಿರುಗಿ ಬಂತು ಎಂದು ಮನೆಯಲ್ಲಿ ಮಾತಾಡಿಕೊಂಡರು. ಇನ್ನು ಸತ್ತರೂ ಈ ಗುಳಿಗೆ ಮುಟ್ಟುವುದಿಲ್ಲ ಎಂದು ನಾನು ಹಟ ಹಿಡಿದೆ.

ಆ ಹಟ ಮುರಿದದ್ದು ಮಗಳಿಂದ. ಅವಳಿಗೀಗ ಎಂಟು ವರ್ಷ. ಶಾಲೆಯಲ್ಲಿ ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ ಎಂದು ದೂರು ಬಂದಾಗ ಉದಗೀರದ ಮಕ್ಕಳ ಡಾಕ್ಟರು ಒಬ್ಬ ಮನೋವೈದ್ಯೆಯ ಹತ್ತಿರ ಕಳಿಸಿದರು. ಆಕೆ ಭಾಲ್ಕಿ ಕಡೆಯವರು, ನಮ್ಮದೇ ಕನ್ನಡ ಆಡುವವರು. ಮಗಳು ಏನೇನು ಮಾಡುತ್ತಾಳೆ ಎಂದು ಕೇಳುತ್ತಾ ಹೋದರು. ಪ್ರತಿಯೊಂದಕ್ಕೂ ನಾನು, "ಅದ್ರಾಗೇನದ್ರಿ, ನಾನೂ ಹಂಗೇ ಮಾಡ್ತೀನಿ" ಅನ್ನುತ್ತಾ ಹೋದೆ. ಐದಾರು ಸಲ ಆದ ಮೇಲೆ ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಮಗ ಬಸ್ ಸ್ಟ್ಯಾಂಡಿನ್ಯಾಗ ಮೈಯಾಗ ಎಲ್ಲೆಲ್ಲಿ ಏನಾಗ್ತದ, ಸಾವಕಾಶ ಹೇಳ್ರಿ" ಅಂದರು. ಮನಸ್ಸಿಗೆ ಏನಾಗುತ್ತದೆ ಅನ್ನಲಿಲ್ಲ, ಮೈಗೆ ಎಂದು ಕೇಳಿದರು. ಬೆರಳಿಂದ ಶುರುಮಾಡಿ ಅರ್ಧ ಗಂಟೆ ಹೇಳಿದೆ, ನಾಲಿಗೆ ಭಾರವಾಗುವುದನ್ನೂ ಹೇಳಿದೆ, ಅವರು ಎಲ್ಲವನ್ನೂ ಬರೆದುಕೊಂಡರು.

ಇನ್ನೆರಡು ಭೇಟಿಗಳಾದ ಮೇಲೆ, ಮಗಳ ಜೊತೆ ನನಗೂ ಆಟಿಸಂ ಇದೆ ಅಂದರು. ಹುಟ್ಟಿದಾಗಿನಿಂದ ಇರುವಂಥದ್ದು, ಭೂಕಂಪಕ್ಕೂ ಅದಕ್ಕೂ ಸಂಬಂಧವಿಲ್ಲ. ಮರಾಠಿಯಲ್ಲಿ ಇದಕ್ಕೆ ಸ್ವಮಗ್ನತಾ ಅನ್ನುತ್ತಾರೆ, ತನ್ನಲ್ಲೇ ಮುಳುಗಿರುವುದು. ಈ ಹೆಸರಿಟ್ಟ ಪುಣ್ಯಾತ್ಮರನ್ನು ಒಂದು ಸಂತೆಯ ದಿನ ಕಾಸಾರಶಿರಸಿಯ ಬಜಾರಿನಲ್ಲಿ ನನ್ನ ಮೈಯೊಳಗೆ ನಿಲ್ಲಿಸಬೇಕು. ನಾನು ನನ್ನಲ್ಲಿ ಮುಳುಗಿ ಕೂರುವಂತಿದ್ದರೆ ಎಷ್ಟೋ ಸುಖವಾಗಿರುತ್ತಿದ್ದೆ. ಹೊರಗಿನ ಪ್ರಪಂಚವೆಲ್ಲ ಕೇಳದೆ ಒಳಗೆ ನುಗ್ಗುವುದೇ ನನ್ನ ಕಷ್ಟ.

ಅಷ್ಟರಲ್ಲಿ ನನ್ನ ಆತಂಕ ಹೆಚ್ಚಾಗಿ, ಬಸ್ಸು ಹತ್ತುವುದೇ ನಿಂತುಹೋಗಿತ್ತು. ಮಗಳನ್ನು ವಾರಕ್ಕೊಮ್ಮೆ ಉದಗೀರದಲ್ಲಿ ಇಂಥ ಮಕ್ಕಳಿಗೆ ಕೊಡುವ ತರಬೇತಿಗೆ ಅತ್ತೆ ಕರೆದೊಯ್ಯತೊಡಗಿದರು. ಅಲ್ಲಿ ಅವಳಿಗೆ ಕೇಳಿದ ಪ್ರಶ್ನೆಗೆಲ್ಲ ಅತ್ತೆಯೇ ಉತ್ತರ ಕೊಟ್ಟು ಬರುತ್ತಿದ್ದರು. "ಅದು ಹಟಮಾರಿ ಅದ ಅಂತ ಹೇಳೀನಿ" ಅಂತ ಒಂದು ದಿನ ಮನೆಗೆ ಬಂದು ನನಗೇ ವರದಿ ಒಪ್ಪಿಸಿದರು. ಹೇಗಾದರೂ ಮಾಡಿ ಆ ಬಸ್ಸಿನಲ್ಲಿ ಮಗಳ ಪಕ್ಕ ನಾನು ಕೂರಲೇಬೇಕಿತ್ತು. ಇಲ್ಲವಾದರೆ ಅವಳ ಮಾತೂ ನನ್ನದರಂತೆ ಬೇರೆಯವರ ಬಾಯಲ್ಲಿ ಕಳೆದುಹೋಗುತ್ತಿತ್ತು.

ಗಂಡ ಮತ್ತು ಅತ್ತೆಯ ಜೊತೆ ಕಾರು ಗೊತ್ತುಮಾಡಿಕೊಂಡು ಡಾಕ್ಟರಬಾಯಿಯ ಹತ್ತಿರ ಹೋದೆ. ಹಳೆಯ ಗುಳಿಗೆಯ ಕಥೆಯನ್ನೆಲ್ಲ ಕೇಳಿ ಅವರು, "ಅದು ನಾಟಕ ಅಲ್ಲ, ನಿಮ್ಮಂಥಾ ಕೆಲವರಿಗಿ ಸಣ್ಣ ಗುಳಗಿನೂ ಜೋರ ಹತ್ತತದ" ಅಂದರು. ನನ್ನ ಮಾತು ನಿಜವಾಗಲು ಇಷ್ಟು ವರ್ಷ ಬೇಕಾಯಿತು. ಈ ಸಲ ಗುಳಿಗೆ ಕೆಲಸ ಮಾಡುತ್ತದೆಯೇ ಎಂದು ಕೇಳಿದೆ.

"ಖಾತ್ರಿ ಹೇಳಾಕ ಬರೂದಿಲ್ರಿ. ಆಟಿಸಂ ಇದ್ದ ದೊಡ್ಡವರ ಮ್ಯಾಲ, ಅದ್ರಾಗೂ ಹೆಣ್ಮಕ್ಕಳ ಮ್ಯಾಲ, ಈ ಗುಳಗಿ ಹೆಂಗ ನಡೀತದ ಅಂತ ನೋಡಿದ್ದೇ ಕಮ್ಮಿ. ಕೆಲವರಿಗಿ ಆರಾಮ ಆಗ್ತದ, ಕೆಲವರಿಗಿ ಆಗೂದಿಲ್ಲ."

ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ನೋಡಿದ್ದೇ ಕಡಿಮೆಯಂತೆ. ಹೇಗೆ ನೋಡುತ್ತಾರೆ? ನಮ್ಮನ್ನು ಒಬ್ಬೊಬ್ಬರನ್ನಾಗಿ ಹಟಮಾರಿ, ಹೆದರುಪುಕ್ಕಲಿ, ಭೂಕಂಪದವಳು ಎಂದು ಬೇರೆ ಬೇರೆ ಹೆಸರಿನ ಕೆಳಗೆ ಹೂತು ಹಾಕಿದ್ದಾರೆ. ಇದ್ದೇವೆ ಎಂದೇ ಗೊತ್ತಿಲ್ಲದವರ ಮೇಲೆ ಯಾವ ಔಷಧಿಯನ್ನು ಪರೀಕ್ಷೆ ಮಾಡುತ್ತಾರೆ? ಸುಳ್ಳು ಭರವಸೆ ಕೊಡದೆ ಗೊತ್ತಿಲ್ಲ ಅಂದದ್ದಕ್ಕೇ ನಾನು ಆ ಡಾಕ್ಟರನ್ನು ನಂಬಿದೆ.

ಅತ್ತೆ ತಡೆಯದೆ ಕೇಳಿದರು: "ಗುಳಗಿ ತಗೊಂಡ್ರ ನಾಕ ಮಂದ್ಯಾಗ ಎಲ್ಲಾರಂಗ ಇರತಾಳೇನ್ರಿ?"

"ಎಲ್ಲಾರಂಗ ಮಾಡೋ ಗುಳಗಿ ನನ್ನ ಹತ್ರ ಇಲ್ರಿ, ಬಾಯಿ. ಆಕಿಗಿ ಆಗೋ ತ್ರಾಸ ಕಮ್ಮಿ ಆಗ್ತದೋ ಇಲ್ಲೋ, ಅಷ್ಟೇ ನೋಡೋದು."

ಕಾಲು ಗುಳಿಗೆಯಿಂದ ಶುರುಮಾಡೋಣ, ಏರಿಸುವುದು ನಿಧಾನಕ್ಕೆ, ಬಿಡುವುದಾದರೂ ನಿಧಾನಕ್ಕೆ ಅಂದರು. ನಿದ್ದೆ ಹಾರಿದರೆ, ಮನಸ್ಸು ಕೆಟ್ಟದ್ದಕ್ಕೆ ತಿರುಗಿದರೆ ಅವತ್ತೇ ಫೋನ್ ಮಾಡಬೇಕು. ಗದ್ದಲ ಗುಳಿಗೆಯಿಂದ ಕಡಿಮೆಯಾಗುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಖಾಲಿ ಬಸ್ಸು ಇರುವ ಹೊತ್ತು ನೋಡಿ. ಬೇಡ ಅಂದರೂ ನಡೆಯುತ್ತದೆ, ಬೇರೆ ದಾರಿಯಿಂದ ಪ್ರಯತ್ನ ಮಾಡೋಣ. ಗಂಡ ಬಾಯಿ ತೆರೆಯುವಷ್ಟರಲ್ಲಿ, "ನಾ ವಿಚಾರ ಮಾಡಿ ಹೇಳ್ತೀನ್ರಿ" ಎಂದು ನಾನೇ ಅಂದೆ. ಹದಿನೈದು ದಿನ ವಿಚಾರ ಮಾಡಿದೆ. ಆಮೇಲೆ ಬ್ಲೇಡಿನಿಂದ ಗುಳಿಗೆಯನ್ನು ನಾನೇ ನಾಲ್ಕು ಮಾಡಿದೆ.

ಪವಾಡವೇನೂ ಆಗಲಿಲ್ಲ. ಮೊದಲ ವಾರ ಹೊಟ್ಟೆ ಕೆಟ್ಟಿತು. ಎರಡು ತಿಂಗಳ ಹೊತ್ತಿಗೆ ಎದೆಯ ಬಡಿತ ಒಂದಿಷ್ಟು ತಗ್ಗಿತು. ಗಿರಣಿಯ ಸದ್ದು ಈಗಲೂ ಸಹಿಸಲಾಗುವುದಿಲ್ಲ, ಬೀಗರು ಬಂದರೆ ಈಗಲೂ ಒಳಕೋಣೆ ಸೇರುತ್ತೇನೆ. ಆದರೆ ಒಂದು ಗುರುವಾರ ಮಗಳ ಕೈ ಹಿಡಿದು ಉದಗೀರದ ಬಸ್ಸು ಹತ್ತಿದೆ. ಬೆವರುತ್ತಲೇ ಹತ್ತಿದೆ, ಇಳಿಯುವವರೆಗೂ ಕೂತೆ. ಅತ್ತೆ ನಂಬಿಕೆ ಸಾಲದೆ ಜೊತೆಗೇ ಬಂದರು.

ತರಬೇತಿಯ ಕೋಣೆಯಲ್ಲಿ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಅಲ್ಲಿಯ ಟೀಚರಬಾಯಿ, ಯಾಕೆ ಇವಳು ಪ್ರತಿ ವಾರ ಮೇಜಿನ ಹತ್ತಿರ ಬರುವುದಿಲ್ಲ ಎಂದು ಕೇಳಿದರು. ಅತ್ತೆ ಶುರುಮಾಡಿದರು, "ಅದು ಮೊದಲಿಂದಾನೂ..."

"ಅತ್ತಿ, ನೀವು ಸುಮ್ಮ ಕೂಡ್ರಿ. ಆಕಿನ್ನ ಕೇಳ್ಯಾರ, ಆಕಿ ಹೇಳ್ಲಿ" ಅಂದೆ.

ನನಗೆ ಉತ್ತರ ಗೊತ್ತಿತ್ತು, ನನಗೂ ಅದು ಕೇಳಿಸುತ್ತಿತ್ತು. ನಾಲಿಗೆ ಕಚ್ಚಿ ಸುಮ್ಮನಿದ್ದೆ. ಕೊನೆಗೆ ಮಗಳು ಮೇಲೆ ನೋಡದೆ, "ಫ್ಯಾನ್ ಟಕ್ ಟಕ್ ಅಂತದ" ಅಂದಳು.

ಟೀಚರಬಾಯಿ ಎದ್ದು ಹೋಗಿ ಸ್ವಿಚ್ ಒತ್ತಿದರು. ಫ್ಯಾನು ನಿಂತಿತು. ಮಗಳು ನೆಟ್ಟಗೆ ಹೋಗಿ ಮೇಜಿನ ಮುಂದೆ ಕೂತು ಪೆನ್ಸಿಲ್ ತೆಗೆದುಕೊಂಡಳು. ನಾಲ್ಕು ಹೆಜ್ಜೆಯ ಕೆಲಸ. ನಲವತ್ತು ವರ್ಷದಲ್ಲಿ ನನಗಾಗಿ ಯಾರೂ ಅಷ್ಟಕ್ಕೆ ಎದ್ದಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ, ಕಣ್ಣೀರು ತಾನಾಗಿ ಇಳಿಯುತ್ತಿತ್ತು.

ಅತ್ತೆ ಬಂದು ಪಕ್ಕದಲ್ಲಿ ಕೂತರು. "ಪೋರಿ ಛಲೋ ಕುಂತದಲ್ಲ. ಈಗ್ಯಾಕ ದುಃಖ ಮಾಡ್ತಿ?"

"ದುಃಖ ಅಲ್ಲ ಅತ್ತಿ" ಅಂದೆ. "ಸಿಟ್ಟು."