ಪೋಷಕ ಪಾತ್ರದ ಸಾಲು

ನಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವವರನ್ನು ನಾವೆಲ್ಲ ಜಡ್ಜ್ ಸಾಹೇಬರು ಎಂದೇ ಕರೆಯುತ್ತಿದ್ದೆವು. ಅವರು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ, ಯಾರ ಜಗಳಕ್ಕೂ ನ್ಯಾಯ ಹೇಳಿದವರಲ್ಲ. ಟೀವಿ ಧಾರಾವಾಹಿಗಳಿಗೆ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತಾರಲ್ಲ, ಅದನ್ನು ಚಾನೆಲ್ಲಿನವರಿಗಿಂತ ಒಂದು ತಿಂಗಳು ಮೊದಲೇ ಇವರು ಹಂಚಿ ಮುಗಿಸುತ್ತಿದ್ದರು. ಅದಕ್ಕೇ ಆ ಹೆಸರು. ಇಟ್ಟವಳು ನಾನೇ. ನನ್ನ ನಾಲಿಗೆಗೆ ಎಲುಬಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ.

ನಾನು ಮುಂದಿನ ಕೌಂಟರಿನವಳು. ಬಂದವರ ಕಣ್ಣಪಾಪೆಗಳ ನಡುವಿನ ಅಂತರ ಅಳೆಯುವುದು, ಫ್ರೇಮು ತೋರಿಸುವುದು, ಚೀಟಿ ಬರೆಯುವುದು ನನ್ನ ಕೆಲಸ. ಚೀಟಿ ಗೋಡೆಯ ಕಿಂಡಿಯಿಂದ ಒಳಗೆ ಹೋಗುತ್ತದೆ, ಸಂಜೆಗೆ ಅದೇ ಕಿಂಡಿಯಿಂದ ಕನ್ನಡಕ ಹೊರಗೆ ಬರುತ್ತದೆ. ಒಳಗೆ ಸಾಣೆ ಚಕ್ರ, ಅದರ ಮೇಲೆ ಹನಿಹನಿಯಾಗಿ ಬೀಳುವ ನೀರು, ಹಳೇ ಬಿಸ್ಕೆಟ್ ಡಬ್ಬಿಯ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ತಿರುಪುಗಳು. ಮಧ್ಯಾಹ್ನದ ಊಟವನ್ನೂ ಅವರು ಆ ಚಕ್ರಕ್ಕೆ ಮುಖ ಮಾಡಿಕೊಂಡೇ ಮಾಡುತ್ತಿದ್ದರು. ಎಷ್ಟೋ ವರ್ಷ ನಮ್ಮಿಬ್ಬರ ಪರಿಚಯ ಆ ಕಿಂಡಿಯಷ್ಟೇ ಇತ್ತು.

ಪಟ್ಟಿ ಬರೆಯುತ್ತಿದ್ದದ್ದು ಗಾಜು ಬರುವ ಕಾಗದದ ಕವರನ್ನು ಬಿಚ್ಚಿ, ಅದರ ಒಳಮೈ ಮೇಲೆ. ಎರಡು ಅಂಕಣ. ಎಡಕ್ಕೆ ‘ಗೆಲ್ಲಬೇಕಾದವರು’, ಬಲಕ್ಕೆ ‘ಗೆಲ್ಲುವವರು’. ಎರಡೂ ಒಂದೇ ಆದ ವರ್ಷವನ್ನು ನಾನು ಕಂಡಿಲ್ಲ. ಊರಿಗೊಂದು ದಾರಿಯಾದರೆ ಇವರಿಗೊಂದು ದಾರಿ. ಧಾರಾವಾಹಿಗಳನ್ನು ಅವುಗಳ ಹೆಸರಿನಿಂದ ಕರೆಯುವ ಅಭ್ಯಾಸವೂ ಅವರಿಗಿರಲಿಲ್ಲ. ಎಲ್ಲರೂ ಮಹಡಿ ಮೆಟ್ಟಿಲ ಮೇಲೆ ನಿಂತೇ ಜಗಳವಾಡುವುದಕ್ಕೆ ಒಂದು ‘ಮೆಟ್ಟಿಲು ಸೀರಿಯಲ್ಲು’. ವರ್ಷವಿಡೀ ಒಬ್ಬ ರೋಗಿಯೂ ಗುಣವಾಗದ ಇನ್ನೊಂದು ‘ಆಸ್ಪತ್ರೆ ಸೀರಿಯಲ್ಲು’. ಮನೆಮಂದಿಯೆಲ್ಲ ಮೆಚ್ಚಿದ ಒಬ್ಬ ನಾಯಕನಟನನ್ನು ಇವರು ಎರಡು ವರ್ಷ ಪಟ್ಟಿಯ ಹತ್ತಿರಕ್ಕೂ ಸೇರಿಸಲಿಲ್ಲ. ಯಾಕೆ ಸಾಹೇಬ್ರೇ ಎಂದು ಕಿಂಡಿಯಲ್ಲಿ ಬಗ್ಗಿ ಕೇಳಿದೆ.

“ಮೈನಸ್ ನಾಲ್ಕು ಪವರ್ ಅಂತ ಡೈಲಾಗಲ್ಲಿ ಹೇಳ್ತಾನಮ್ಮ. ಮೈನಸ್ ಗಾಜು ಹಾಕ್ಕೊಂಡ್ರೆ ಕೆನ್ನೆ ಅಂಚು ಒಳಗೆ ಸರಿದ ಹಾಗೆ ಕಾಣ್ಬೇಕು. ಇವನದು ಬರೀ ಕಿಟಕಿ ಗಾಜು. ಕಣ್ಣಲ್ಲೇ ಸುಳ್ಳಿಟ್ಕೊಂಡು ಅತ್ರೆ ನಾನ್ಯಾಕೆ ನಂಬ್ಲಿ?”

ಒಮ್ಮೆ ಅವರಿಗೆ ಜ್ವರ ಬಂದು ಮೂರು ದಿನ ರಜೆ ಹಾಕಿದಾಗ ನೋಡಿಕೊಂಡು ಬರಲು ಹೋಗಿದ್ದೆ. ಟೈರ್ ಅಂಗಡಿಯ ಮೇಲೆ ಒಂದೇ ಕೋಣೆ. ಸ್ಟೂಲಿನ ಮೇಲೆ ಟೀವಿ, ಅದರ ಮುಂದೆ ಜೋಡಿ ಕುರ್ಚಿ. ಬಣ್ಣದ ದಿಂಬಿದ್ದ ಕುರ್ಚಿಯಲ್ಲಿ ನಾನು ಕೂರಲು ಹೋದರೆ, “ಅದಲ್ಲಮ್ಮ, ಇದರಲ್ಲಿ ಕೂತ್ಕೊಳ್ಳಿ” ಎಂದು ತಮ್ಮ ಕುರ್ಚಿಯನ್ನು ಕೊಟ್ಟು, ತಾವು ಆ ಜ್ವರದಲ್ಲೂ ಮಂಚದ ಅಂಚಿನಲ್ಲಿ ಕೂತರು. ಮುದುಕರ ಚಾಳಿ ಎಂದುಕೊಂಡೆ.

ಹೋದ ವರ್ಷ ಚಾನೆಲ್ಲಿನವರು ಹೊಸದೊಂದು ಪ್ರಕಟಣೆ ಕೊಟ್ಟರು. ವೀಕ್ಷಕರು ತಮ್ಮ ಮೆಚ್ಚಿನ ಪ್ರಶಸ್ತಿ ಪಟ್ಟಿಯನ್ನು ಬರೆದು ಕಳಿಸಬೇಕು. ಚೆನ್ನಾಗಿರುವ ಹತ್ತು ಪಟ್ಟಿಗಳನ್ನು ಸಮಾರಂಭದ ದಿನ ಪರದೆಯ ಮೇಲೆ ತೋರಿಸುತ್ತಾರೆ. ಬರೆದವರಿಗೆ ಎರಡೆರಡು ಪಾಸು: ಒಂದು ಅವರಿಗೆ, ಒಂದು ಮನೆಯವರಿಗೆ. ಜಡ್ಜ್ ಸಾಹೇಬರು ಆ ದಿನ ಕಿಂಡಿ ಬಿಟ್ಟು ನೇರವಾಗಿ ಕೌಂಟರಿಗೇ ಬಂದರು.

“ನಿಮ್ಮ ಅಕ್ಷರ ಚೆನ್ನಾಗಿದೆ. ಇದನ್ನ ಕಾರ್ಬನ್ ಇಟ್ಟು ಬರೆದುಕೊಡ್ತೀರಾಮ್ಮ? ಎರಡು ಪ್ರತಿ ಬೇಕು.”

ಓದುತ್ತಾ ಹೋದೆ. ಉತ್ತಮ ಧಾರಾವಾಹಿ ಸರಿ, ನಟ ಸರಿ, ನಟಿ ಪರವಾಗಿಲ್ಲ. ಪೋಷಕ ಪಾತ್ರದ ಸಾಲಿಗೆ ಬಂದಾಗ ನಗು ತಡೆಯಲಾಗಲಿಲ್ಲ. ಮೆಟ್ಟಿಲು ಸೀರಿಯಲ್ಲಿನಲ್ಲಿ ಐದೇ ಐದು ಕಂತಿಗೆ ಬಂದು ಹೋದ ಅಡುಗೆಯವನ ಪಾತ್ರದ ಮುದುಕನ ಹೆಸರಿತ್ತು. ಆ ಮುದುಕ ಯಜಮಾನನ ತಾಯಿಯಿಲ್ಲದ ಮಗಳನ್ನು ಸಾಕುತ್ತಾನೆ.

“ಇವನಿಗ್ಯಾಕೆ? ಎಲ್ಲರೂ ಆ ವಕೀಲನ ಪಾತ್ರದವನಿಗೆ ಬರುತ್ತೆ ಅಂತಿದ್ದಾರೆ.”

“ಮಗುವಿಗೆ ಜಡೆ ಹಾಕ್ತಾನೆ ನೋಡಿ. ಬೈತಲೆ ನೇರ ಬಂದಿತ್ತು. ಅಭ್ಯಾಸ ಇಲ್ಲದವನ ಕೈಗೆ ಅದು ಬರಲ್ಲ. ಎಷ್ಟು ಚೆನ್ನಾಗಿ ಸಾಕಿದ.”

“ಅಯ್ಯೋ ಸಾಹೇಬ್ರೇ! ಪೋಷಕ ಪಾತ್ರ ಅಂದ್ರೆ ಮಕ್ಕಳನ್ನ ಸಾಕೋದು ಅಲ್ಲ ರೀ! ನಾಯಕನ ಅಕ್ಕಪಕ್ಕ ಇರೋ ಪಾತ್ರ ಅಂತ! ಇಷ್ಟು ವರ್ಷ ಹೀಗೇ ಕೊಡ್ತಾ ಬಂದಿದ್ದೀರಾ?”

ನನ್ನ ದನಿ ಗೊತ್ತಲ್ಲ, ಬೀದಿ ಆಚೆಗೂ ಕೇಳುತ್ತದೆ. ಅಂಗಡಿಯ ಯಜಮಾನರು ನಕ್ಕರು. ಫ್ರೇಮು ಆರಿಸುತ್ತಿದ್ದ ಗಿರಾಕಿಯೂ ನಕ್ಕ. ಸಾಹೇಬರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, “ಶಾಲೆ ಫಾರಂನಲ್ಲಿ ಹಾಗೇ ಇತ್ತಲ್ಲ, ಪೋಷಕರ ಸಹಿ ಅಂತ” ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಮಧ್ಯಾಹ್ನದವರೆಗೂ ಚಕ್ರದ ಸದ್ದು ನಿಲ್ಲಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಊಟದ ಡಬ್ಬಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಬೈಸಿಕೊಳ್ಳಲೆಂದೇ ಹೋದದ್ದು. ಅವರು ಬೈಯಲಿಲ್ಲ, ಸ್ಟೂಲು ಸರಿಸಿ ಜಾಗ ಮಾಡಿಕೊಟ್ಟರು. ಅವತ್ತು ಮೊದಲ ಸಲ ಅವರ ಮನೆ ವಿಷಯ ಕೇಳಿದೆ. ಒಬ್ಬಳೇ ತಂಗಿ ತೀರಿಕೊಂಡಾಗ ಅವಳ ಮಗಳಿಗೆ ಐದು ವರ್ಷ. ಮಗುವಿನ ಅಪ್ಪ ಕೆಲಸಕ್ಕೆಂದು ದೂರ ಇದ್ದವನು, ‘ಸ್ವಲ್ಪ ದಿನ ನೋಡ್ಕೊಳ್ಳಿ’ ಎಂದು ಬಿಟ್ಟುಹೋದ. ಸ್ವಲ್ಪ ದಿನ ಏಳು ವರ್ಷವಾಯಿತು. ಈ ಬ್ರಹ್ಮಚಾರಿ ಮನುಷ್ಯ ಪಕ್ಕದ ಮನೆಯವರ ಹತ್ತಿರ ಜಡೆ ಹಾಕುವುದನ್ನು ಕಲಿತರು. ಶಾಲೆಯ ಪ್ರತಿ ಅಂಕಪಟ್ಟಿಗೂ ‘ಪೋಷಕರ ಸಹಿ’ ಎಂಬಲ್ಲಿ ಸಹಿ ಹಾಕಿದರು. ಸಂಜೆ ಮಾವ, ಸೊಸೆ ಇಬ್ಬರೂ ಜೋಡಿ ಕುರ್ಚಿಯಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದರು. ಎರಡು ಅಂಕಣದ ಪಟ್ಟಿ ಆ ಹುಡುಗಿಯದೇ ಕಲ್ಪನೆ.

“ಹನ್ನೆರಡು ತುಂಬಿತು. ಅವಳಪ್ಪ ಇನ್ನೊಂದು ಮದುವೆ ಆಗಿ ಬಂದು ಕರ್ಕೊಂಡು ಹೋದ. ತಂದೆ ಇರುವಾಗ ಮಾವ ಪೋಷಕ ಆಗಲ್ಲ ಅಂದ್ರು ಶಾಲೇಲಿ. ಸರಿ ತಾನೇ? ಹೊರಡುವಾಗ ನಾನೇ ಹೇಳಿದೆ, ನನ್ನ ನೆನೆಸ್ಕೊಂಡು ಅಳಬೇಡ, ಕಾಗದ ಗೀಗದ ಬರೀಬೇಡ, ಅಲ್ಲಿ ಹೊಂದ್ಕೋ ಅಂತ.” ಡಬ್ಬಿಯ ಮುಚ್ಚಳ ಹಾಕಿದರು. “ಮಾತು ಕೇಳೋ ಹುಡುಗಿ.”

ಹನ್ನೆರಡು ವರ್ಷದಿಂದ ಪಟ್ಟಿಯ ಒಂದು ಪ್ರತಿಯನ್ನು ಅವಳಿಗೆ ಅಂಚೆಯಲ್ಲಿ ಹಾಕುತ್ತಿದ್ದರು. ಜೊತೆಗೆ ಒಂದಕ್ಷರ ಪತ್ರವಿಲ್ಲ. ತಾನೇ ಬೇಡವೆಂದ ಮೇಲೆ ತಾನು ಹೇಗೆ ಬರೆಯುವುದು ಎಂಬ ನ್ಯಾಯ ಅವರದು! ಉತ್ತರವೂ ಇಲ್ಲ.

“ಆದ್ರೆ ಒಂದೂ ವಾಪಸ್ ಬಂದಿಲ್ಲಮ್ಮ. ಅಂದ್ರೆ ತಲುಪ್ತಿದೆ ಅಂತ ತಾನೇ? ಪಾಸು ಸಿಕ್ಕಿದ್ರೆ ಒಂದು ಅವಳಿಗೆ ಕಳಿಸ್ತೀನಿ. ಕಾಗದ ಬರೀಬೇಡ ಅಂದಿದ್ದೆ, ಬರಬೇಡ ಅಂದಿರ್ಲಿಲ್ಲ.”

ನಾನು ಹೊರಗೆ ಬಂದು ಬರೆಯಲು ಕೂತೆ. ಪಟ್ಟಿಯನ್ನು ಇದ್ದ ಹಾಗೇ ಬರೆಯಿರಿ ಎಂದು ಅವರು ಹೇಳಿದ್ದರು. ಆದರೆ ಚಾನೆಲ್ಲಿನಲ್ಲಿ ಓದುವವರೂ ನನ್ನ ಹಾಗೆಯೇ ನಕ್ಕು ಪಟ್ಟಿಯನ್ನು ಬುಟ್ಟಿಗೆ ಹಾಕಿದರೆ? ಪಾಸೂ ಇಲ್ಲ, ಹುಡುಗಿಯೂ ಇಲ್ಲ. ಒಂದು ಸಾಲು ತಾನೇ ಎಂದುಕೊಂಡೆ. ಅಡುಗೆಯವನನ್ನು ತೆಗೆದು ವಕೀಲನ ಪಾತ್ರದವನ ಹೆಸರು ಬರೆದೆ. ಒಳ್ಳೆಯದಕ್ಕೆಂದೇ ಮಾಡಿದ ಅಧಿಕಪ್ರಸಂಗ. ಅವರು ನನ್ನನ್ನು ನಂಬಿ, ಓದದೆಯೇ ಕಾರ್ಬನ್ ಪ್ರತಿಯನ್ನು ಮಡಚಿ ಲಕೋಟೆಯೊಳಗಿಟ್ಟರು. ಸೊಸೆಯ ವಿಳಾಸವನ್ನು ಮಾತ್ರ ಮೂರು ಸಲ ಓದಿಕೊಂಡರು.

ಪಟ್ಟಿ ಆಯ್ಕೆಯಾಯಿತು. ಪಾಸುಗಳು ಬಂದ ದಿನ ಒಂದು ಗಾಜನ್ನು ತಪ್ಪಾಗಿ ಉಜ್ಜಿಬಿಟ್ಟರು. ಇಷ್ಟು ವರ್ಷದಲ್ಲಿ ಅದೇ ಮೊದಲು. ಎರಡನೇ ಪಾಸನ್ನು ಸೊಸೆಗೆ ಕಳಿಸಿದರು. ಯಜಮಾನರು ಅವರಿಗೆ ಹೊಸ ಫ್ರೇಮು ಕೊಟ್ಟರು. ನಾನು ಕೋಟಿಗೆ ಇಸ್ತ್ರಿ ಮಾಡಿಸಿಕೊಟ್ಟೆ.

ಸಮಾರಂಭದ ಸಂಜೆ ನಾನು ಮನೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಟೀವಿ ನೋಡುತ್ತಿದ್ದೆ. ವೀಕ್ಷಕರ ಪಟ್ಟಿಗಳ ಸರದಿ ಬಂತು. ಪರದೆಯ ಮೇಲೆ ನನ್ನದೇ ಅಕ್ಷರ ಕೋಣೆಯಷ್ಟು ದೊಡ್ಡದಾಗಿ ಕಂಡಿತು. ಕ್ಯಾಮೆರಾ ಅವರ ಮುಖಕ್ಕೆ ತಿರುಗಿತು. ಪಕ್ಕದ ಕುರ್ಚಿ ಖಾಲಿ. ಅದರ ಮೇಲೆ ಯಾರೂ ಕೂರದಂತೆ ಕರವಸ್ತ್ರ ಹಾಸಿದ್ದರು. ಸಾಹೇಬರು ನಗುತ್ತಾ ಪಟ್ಟಿಯನ್ನು ಓದುತ್ತಿದ್ದವರು ಒಂದು ಸಾಲಿಗೆ ಬಂದು ಓದುವುದನ್ನು ನಿಲ್ಲಿಸಿದರು. ಏಳುವವರಂತೆ ಅರ್ಧ ಎದ್ದು, ಮತ್ತೆ ಕೂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಟೀವಿ ಆರಿಸಿದೆ.

ಮರುದಿನ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

“ಪೋಷಕ ಪಾತ್ರ ಅಂದ್ರೆ ಏನು ಅಂತ ನನಗೂ ಯಾವತ್ತೋ ಗೊತ್ತಾಗಿತ್ತಮ್ಮ, ನೀವು ಹೇಳೋಕೆ ಮುಂಚೇನೇ,” ಎಂದರು. “ಅವಳಿಗೆ ಏಳು ವರ್ಷ ಇದ್ದಾಗ ಕೇಳಿದ್ಲು, ಪೋಷಕ ಪಾತ್ರ ಅಂದ್ರೇನು ಮಾವ ಅಂತ. ಸಾಕೋರು ಕಣೇ ಅಂದೆ. ಹಾಗಾದ್ರೆ ಈ ಪ್ರಶಸ್ತಿ ನಿನಗೇ ಅಂತ ಮೊದಲನೇ ಪಟ್ಟೀಲಿ ಆ ಸಾಲಲ್ಲಿ ನನ್ನ ಹೆಸರೇ ಬರೆದ್ಲು. ಆಮೇಲೆ ಅದನ್ನ ಸರಿ ಮಾಡೋ ಮನಸ್ಸು ಬರಲಿಲ್ಲ. ಪಟ್ಟೀಲಿ ನಾನು ಅವಳಿಗೆ ಅಂತ ಬರೀತಿದ್ದದ್ದು ಅದೊಂದೇ ಸಾಲು.”

ನಾನು ಅತ್ತೆ. ಅವರು ಗಾಜು ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು, ಬೇರೆ ಬಟ್ಟೆ ಅಲ್ಲಿರಲಿಲ್ಲ. ಹನ್ನೆರಡು ವರ್ಷ ಆ ಮನುಷ್ಯ ಆಡಿದ್ದ ಒಂದೇ ಒಂದು ಮಾತನ್ನು ನಾನು ತಿದ್ದಿಬಿಟ್ಟಿದ್ದೆ.

ಒಂಬತ್ತು ದಿನ ಕಳೆದ ಮೇಲೆ ಅಂಗಡಿಯ ವಿಳಾಸಕ್ಕೆ ಒಂದು ಕಾರ್ಡು ಬಂತು. ಕಾರ್ಡಿಗೆ ಮುಚ್ಚುಮರೆ ಏನು, ಕಣ್ಣು ಬಿದ್ದೇ ಬಿತ್ತು. ಕಿಂಡಿಯಲ್ಲಿ ಹಾಕದೆ ಒಳಗೇ ಹೋಗಿ ಕೊಟ್ಟೆ. ಅವರು ಚಕ್ರ ನಿಲ್ಲಿಸಿ, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಓದಿದರು.

‘ಮಾವ, ಈ ವರ್ಷ ಪೋಷಕ ಪಾತ್ರದ ಸಾಲು ತಪ್ಪಾಗಿದೆ. ಅಡುಗೆಯವನು ಇರಬೇಕಿತ್ತು. ಅಕ್ಷರವೂ ನಿನ್ನದಲ್ಲ. ನಿನಗೆ ಹುಷಾರಿಲ್ಲವಾ?’

ಅಷ್ಟೇ. ಕೆಳಗೆ ಹೆಸರೂ ಇರಲಿಲ್ಲ.

“ಹನ್ನೆರಡೂ ಓದಿದ್ದಾಳೆ,” ಎಂದರು. “ಓದದೇ ಇದ್ರೆ ತಪ್ಪು ಅಂತ ಹೇಗೆ ಗೊತ್ತಾಗುತ್ತೆ?”

ನಾನು ತಲೆಯಾಡಿಸಿದೆ. ಅವರು ಕಾರ್ಡನ್ನು ತಿರುಗಿಸಿ ನೋಡಿದರು, ಮತ್ತೆ ಈಚೆಗೆ ತಿರುಗಿಸಿದರು.

“ಬರ್ತೀನಿ ಅಂತ ಎಲ್ಲೂ ಬರೆದಿಲ್ಲ, ಅಲ್ವಾ? ನಿಮ್ಮ ಕಣ್ಣು ಚೆನ್ನಾಗಿದೆ, ಒಂದ್ಸಲ ನೋಡಿ.”

ನೋಡಿದೆ. ಬರೆದಿರಲಿಲ್ಲ. ಹಾಗೆಂದು ಹೇಳಿದೆ.

“ಪರವಾಗಿಲ್ಲ,” ಎಂದು ಒಂದು ಕವರನ್ನು ಬಿಚ್ಚಿ, ಒಳಮೈಯನ್ನು ಅಂಗೈಯಿಂದ ನೇರ ಮಾಡಿ, ಪೆನ್ನು ತೆಗೆದುಕೊಂಡರು. ಹುಷಾರಾಗಿದ್ದೇನೆ ಎಂದು ಮೊದಲ ಸಾಲು ಬರೆದರು. ಎರಡನೇ ಸಾಲಿಗೆ ಏನು ಬರೆಯುವುದೆಂದು ತಿಳಿಯದೆ, ಗಿರಾಕಿ ಬಂದು ಯಜಮಾನರು ನನ್ನನ್ನು ಕೂಗುವವರೆಗೂ ಹಾಗೇ ಕೂತಿದ್ದರು.